ಡೋಲಿನವನ ಕಥೆಯ ಕೊನೆ

ಅಜ್ಜಿಯರ ನಾಲಿಗೆಗೆ ಮಾತ್ರ ದಾರಿ ಗೊತ್ತಿರುವ ಒಂದು ಊರಿತ್ತು. ಆ ಊರಿನ ಪ್ರತಿ ಮನೆಯ ಹೊಸ್ತಿಲ ಮೇಲೂ ಒಬ್ಬ ಡೋಲಿನವನು ಕೂತಿರುತ್ತಿದ್ದ. ದೂರದಿಂದ ಓಲೆಕಾರ ಬಂದು ಅವನ ಕಿವಿಯಲ್ಲಿ ಗುಟ್ಟಾಗಿ ಒಂದು ಮಾತು ಹೇಳಿದರೆ ಮಾತ್ರ ಅವನು ಡೋಲು ಬಾರಿಸಬೇಕು. ಆ ಸದ್ದು ಹಜಾರದವನಿಗೆ ಕೇಳುತ್ತದೆ, ಹಜಾರದವನು ನಡುಮನೆಯವನಿಗೆ ಹೇಳುತ್ತಾನೆ, ನಡುಮನೆಯವನು ಒಳಕೋಣೆಯ ಯಜಮಾನಿಗೆ ಮುಟ್ಟಿಸುತ್ತಾನೆ. ಯಜಮಾನಿ ಪೆಟ್ಟಿಗೆ ತೆರೆದು, ಮನೆಯ ನಕ್ಷೆ ತೆಗೆದು, ಪಕ್ಕದಲ್ಲಿ ಅಂಥದೇ ಇನ್ನೊಂದು ಮನೆ ಕಟ್ಟಿಸುತ್ತಾಳೆ. ಬೇಕಾದಷ್ಟು ಮನೆಗಳಾದ ಮೇಲೆ ಡೋಲಿನವನು ಕೋಲು ಕೆಳಗಿಟ್ಟು ಸುಮ್ಮನಾಗುತ್ತಾನೆ. ಹೀಗೆ ಆ ಊರು ಹಿಗ್ಗದೆ ಕುಗ್ಗದೆ ಸುಖವಾಗಿತ್ತು. ಒಂದು ದಿನ ಒಬ್ಬ ಡೋಲಿನವನು, ಯಾರೂ ಬರದೆ, ಯಾರೂ ಹೇಳದೆ, ತನ್ನಷ್ಟಕ್ಕೆ ತಾನೇ ಬಾರಿಸತೊಡಗಿದ...

ಕಥೆ ಅಲ್ಲಿಗೆ ಬಂದಾಗಲೆಲ್ಲ ಅತ್ತೆ ನಿಲ್ಲಿಸಿಬಿಡುತ್ತಿದ್ದರು. ಮೊಮ್ಮಗಳು "ಆಮೇಲೆ?" ಎಂದು ರಾಗ ತೆಗೆಯುತ್ತಿದ್ದಳು. ಅಳುವಾಗಲೂ ಕೇಳುವಾಗಲೂ ಒಂದೇ ತಂತಿಯ ಮೇಲೆ ಎಳೆಯುತ್ತಿದ್ದ ಆ ಹುಡುಗಿಗೆ ಮನೆಯಲ್ಲಿ ಪಿಟೀಲು ಎಂದೇ ಹೆಸರು. ಅತ್ತೆ ಕನ್ನಡಕದ ಮೇಲಿಂದ ಅಡುಗೆಮನೆಯ ಕಡೆ ನೋಡಿ, ಸೊಸೆಗೆ ಕೇಳಲೇಬೇಕೆಂಬ ದನಿಯಲ್ಲಿ, "ಮುಂದಿನದು ನಿಮ್ಮಮ್ಮನ್ನ ಕೇಳು. ದಿನಾ ಅದನ್ನೇ ಹುಡುಕೋಕೆ ಹೋಗ್ತಾಳಲ್ಲ ಡಾಕ್ಟರಮ್ಮ. ಸಿಕ್ಕಿದ ದಿನ ಹೇಳ್ತಾಳೆ" ಎನ್ನುತ್ತಿದ್ದರು.

ಸೊಸೆ ಕೆಲಸ ಮಾಡುತ್ತಿದ್ದುದು ದೊಡ್ಡಾಸ್ಪತ್ರೆಯ ಹಿಂಬದಿಯ ಪ್ರಯೋಗಾಲಯದಲ್ಲಿ. ಮಿದುಳಿನ ಗಡ್ಡೆಯ ಚೂರುಗಳನ್ನು ಬಟ್ಟಲಲ್ಲಿ ಸಾಕಿ, ಅದರ ಜೀವಕೋಶಗಳಿಗೆ ಬೆಳೆ ಬೆಳೆ ಎಂದು ಅಪ್ಪಣೆ ಕೊಡುತ್ತಿರುವವರು ಯಾರು, ಆ ಅಪ್ಪಣೆ ಯಾವ ದಾರಿ ಹಿಡಿದು ಕೈಯಿಂದ ಕೈಗೆ ದಾಟಿ ಒಳಗೆ ಹೋಗುತ್ತದೆ ಎಂದು ಹುಡುಕುವುದು ಅವಳ ಕೆಲಸ. ಮದುವೆಯಾದ ಹೊಸದರಲ್ಲಿ ಊಟದ ಮೇಜಿನ ಮುಂದೆ ಅದನ್ನು ಅತ್ತೆಗೆ ವಿವರಿಸಲು ಹೋಗಿ, ಗ್ರಾಹಿ, ಸಂಕೇತ, ಕೋಶಕೇಂದ್ರ ಎಂದೆಲ್ಲ ತೊದಲಿ ಬೆವರಿದ್ದಳು. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿದ್ದ ಅತ್ತೆ ಪೂರ್ತಿ ಕೇಳಿಸಿಕೊಂಡು, ಇದನ್ನು ಪರೀಕ್ಷೆಯಲ್ಲಿ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ ಎಂದು ಎದ್ದು ಕೈ ತೊಳೆಯಲು ಹೋಗಿದ್ದರು. ಪಿಟೀಲು ಹುಟ್ಟಿ, ಕಥೆ ಕೇಳುವ ವಯಸ್ಸಿಗೆ ಬಂದಾಗ, ಅದೇ ವಿಷಯ ಅವರ ಬಾಯಲ್ಲಿ ಡೋಲಿನವನ ಕಥೆಯಾಗಿ ಹೊರಬಂತು. ತಾನು ಅಂದು ಹೇಳಿದ್ದರಲ್ಲಿ ಒಂದಕ್ಷರವೂ ವ್ಯರ್ಥವಾಗಿರಲಿಲ್ಲವೆಂದು ಸೊಸೆಗೆ ತಿಳಿದದ್ದು ಹಾಗೆ, ಬಾಗಿಲ ಮರೆಯಲ್ಲಿ ನಿಂತು.

ಎದುರಿಗೆ ಮಾತ್ರ ಒಂದು ಒಳ್ಳೆಯ ಮಾತಿಲ್ಲ. ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಂಡವಳಿಗೆ ಮನೆಯವರ ನೆಗಡಿಗೆ ಒಂದು ಮಾತ್ರೆ ಹೇಳಲು ಬಾರದು ಎಂಬುದು ಅತ್ತೆಯ ದೊಡ್ಡ ದೂರು, ಅದಕ್ಕೇ ಡಾಕ್ಟರಮ್ಮ ಎಂಬ ಚುಚ್ಚು. ಪತ್ರಿಕೆಯ ಅಚ್ಚಿನ ತಪ್ಪುಗಳನ್ನು ದಿನಾ ಬೆಳಗ್ಗೆ ಕೆಂಪು ಪೆನ್ನಿನಲ್ಲಿ ತಿದ್ದಿ, ಅದು ಮುಗಿದ ಮೇಲೆ ಸೊಸೆಯನ್ನು ತಿದ್ದಲು ಶುರುಮಾಡುತ್ತಿದ್ದರು. ತಂತಿಯ ಮೇಲಿನ ಬಟ್ಟೆ ನೋಡಿ, ಇವಳು ಒಣಹಾಕಿದ್ದಾಳೋ ನೇಣು ಹಾಕಿದ್ದಾಳೋ ಎಂದು ಕೇಳುತ್ತಿದ್ದರು. ಮನೆ ಮೂರನೇ ಮಹಡಿ. ಕೆಳಗೆ ಬೀದಿಗೆ ತೆರೆದುಕೊಂಡ ಕನ್ನಡಕದ ಅಂಗಡಿ ಮಗನದು. ಅವನು ಮಸೂರ ಉಜ್ಜುವ ಯಂತ್ರ ಹಾಕಿಕೊಂಡರೆ ಮೇಲಿನ ಮಾತು ಕೇಳುತ್ತಿರಲಿಲ್ಲ. ಮೇಲಿನ ದನಿ ಏರಿದಾಗಲೆಲ್ಲ ಅವನಿಗೆ ಉಜ್ಜುವ ಕೆಲಸ ಬಂದುಬಿಡುತ್ತಿತ್ತು! ಬಾಗಿಲ ಮೇಲಿನ ಸಣ್ಣ ಗಂಟೆ, ಕತ್ತಲೆ ಮೆಟ್ಟಿಲು, ಎರಡು ಕೋಣೆ, ಒಂದು ಕಿಟಕಿ. ಆ ಕಿಟಕಿಯ ಕೆಳಗೆ ಅತ್ತೆಯ ಕುರ್ಚಿ. ಇಷ್ಟರಲ್ಲೇ ಅವರ ಜಗತ್ತು.

ಆ ದಿನ ಬೆಳಗ್ಗೆ ಹಾಲು ಉಕ್ಕಿತು. ಸೊಸೆ ಓಡಿ ಬರುವಷ್ಟರಲ್ಲಿ ಒಲೆಯೆಲ್ಲ ಬಿಳಿ, ನೆಲಕ್ಕೂ ತೊಟ್ಟಿಕ್ಕುತ್ತಿತ್ತು. ಅವಳು ಉಸಿರು ಬಿಗಿಹಿಡಿದು ಕುರ್ಚಿಯ ಕಡೆ ತಿರುಗಿದಳು. ಇನ್ನೇನು ಬರುತ್ತದೆ, ಬರಲಿ ಎಂದು ಹೆಗಲು ಕುಗ್ಗಿಸಿದಳು. ಅತ್ತೆ ಅವಳನ್ನೇ ನೋಡುತ್ತಿದ್ದರು. ಮುಖದಲ್ಲಿ ಎಂದೂ ಕಾಣದ ನಗು.

"ಇರ್ಲಿ ಬಿಡು ಮಗಳೇ. ಹಾಲು ತಾನೇ."

ಮಗಳೇ... ಸೊಸೆ ಒದ್ದೆ ಬಟ್ಟೆ ಹಿಡಿದುಕೊಂಡೇ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ತಾಯಿಯನ್ನು ಕಾಣದೆ ಅಜ್ಜಿಯ ಮಡಿಲಲ್ಲಿ ಬೆಳೆದವಳು ಅವಳು. ಅಜ್ಜಿಯ ಕಥೆಗಳಲ್ಲಿ ಮಲತಾಯಿಯ ಮನಸ್ಸು ಒಂದಲ್ಲ ಒಂದು ದಿನ ಕರಗುತ್ತಿತ್ತು, ಒಣಗಿದ ಮರ ಒಂದೇ ರಾತ್ರಿಯಲ್ಲಿ ಚಿಗುರುತ್ತಿತ್ತು. ತನ್ನ ಮರವೂ ಚಿಗುರಿತೆಂದುಕೊಂಡಳು. ಅಂದಿನಿಂದ ಅತ್ತೆ ಅವಳನ್ನು ಬೇರೆ ಹೆಸರಿನಿಂದ ಕರೆಯಲೇ ಇಲ್ಲ. ಬಟ್ಟೆ ಹೇಗೆ ಒಣಹಾಕಿದರೂ ಸರಿ. ಊಟಕ್ಕೆ ತಡವಾದರೂ ಸರಿ. ಹೊರಗೆ ಹೊರಟರೆ ಕೆನ್ನೆ ಸವರಿ ಕಳಿಸುತ್ತಿದ್ದರು. ಪ್ರಯೋಗಾಲಯದಲ್ಲಿ ಸೊಸೆ ತನಗೆ ತಾನೇ ಹಾಡಿಕೊಳ್ಳುವುದನ್ನು ಕಂಡು ಜೊತೆಯವರು ಕಣ್ಣು ಮಿಟುಕಿಸಿಕೊಂಡರು. ಗಂಡನೂ ಯಂತ್ರ ನಿಲ್ಲಿಸಿ ಮೇಲೆ ಬಂದು, ಮನೆ ಎಷ್ಟು ತಣ್ಣಗಾಗಿದೆಯೆಂದು ಬೆರಗಾಗಿ ಕೂರುತ್ತಿದ್ದ.

ಪತ್ರಿಕೆ ಮಡಿಕೆ ಬಿಚ್ಚದೆ ಮೇಜಿನ ಮೇಲೆ ಪೇರಿಸಿಕೊಳ್ಳುತ್ತಿತ್ತು. ಕೆಂಪು ಪೆನ್ನಿನ ಮುಚ್ಚಳ ಯಾರೂ ತೆಗೆದಿರಲಿಲ್ಲ. ಸ್ವೆಟರನ್ನು ಅತ್ತೆ ಒಳಗು ಹೊರಗು ಮಾಡಿ ಹಾಕಿಕೊಂಡು, ಹೇಳಿದರೆ ನಗುತ್ತಿದ್ದರು. ಇದೆಲ್ಲ ಸೊಸೆಯ ಕಣ್ಣಿಗೆ ಬೀಳುತ್ತಿತ್ತು. ಕಣ್ಣಿನಿಂದ ಮುಂದೆ ಹೋಗುತ್ತಿರಲಿಲ್ಲ. ದಿನವಿಡೀ ಅದೇ ರೋಗದ ಜೊತೆ ಇರುವವಳು, ಅದು ಮನೆಯ ಕುರ್ಚಿಯಲ್ಲಿ ಕೂತು ಕೆನ್ನೆ ಸವರಿದಾಗ ಅದನ್ನು ಪ್ರೀತಿಯೆಂದುಕೊಂಡಳು.

ಪಿಟೀಲು ಮೆಟ್ಟಿಲಲ್ಲಿ ಜಾರಿದ ದಿನ ಅದು ಮುಗಿಯಿತು. ಮಗುವಿನ ಹಣೆ ಒಡೆದು ರಕ್ತ ಮೂಗಿನವರೆಗೆ ಇಳಿದಿತ್ತು, ಅಳು ಬೀದಿಗೆಲ್ಲ ಕೇಳುತ್ತಿತ್ತು. ಸೊಸೆ ಮಗುವನ್ನು ಎತ್ತಿಕೊಂಡು ಒಳಗೆ ಬಂದಾಗ, ಮೊಮ್ಮಗಳಿಗೆ ಸೊಳ್ಳೆ ಕಚ್ಚಿದರೂ ಭೂಮಿ ಆಕಾಶ ಒಂದು ಮಾಡುತ್ತಿದ್ದ ಅತ್ತೆ, ಕುರ್ಚಿಯಿಂದ ಏಳಲಿಲ್ಲ. ರಕ್ತವನ್ನು ನೋಡಿದರು. ಅದೇ ನಗು ನಕ್ಕರು. "ಇರ್ಲಿ ಬಿಡು ಮಗಳೇ" ಎಂದರು.

ಸೊಸೆ ಆ ನಗುವನ್ನು ಈಗ ಸರಿಯಾಗಿ ನೋಡಿದಳು. ಹಣೆಯ ಹಿಂದೆ, ಮಿದುಳಿನ ಮುಂಭಾಗದಲ್ಲಿ ಒಂದು ಜಾಗವಿದೆ. ಮನುಷ್ಯನ ಕಾಳಜಿ, ಸಿಟ್ಟು, ಸಂಕೋಚ ಎಲ್ಲಕ್ಕೂ ಅಲ್ಲೇ ಕಡಿವಾಣ. ಅಲ್ಲಿ ಏನಾದರೂ ಬೆಳೆದು ಒತ್ತಿದರೆ ಮನುಷ್ಯ ಬದಲಾಗುತ್ತಾನೆಂದು ಅವಳೇ ಎಷ್ಟು ಸಲ ಬೇರೆಯವರಿಗೆ ಹೇಳಿದ್ದಳು! ಮಗುವಿನ ಹಣೆಗೆ ಬಟ್ಟೆ ಒತ್ತಿ ಹಿಡಿದುಕೊಂಡೇ ಅವಳು ಅತ್ತೆಯ ಮುಂದೆ ಮಂಡಿಯೂರಿ, ಇವತ್ತು ಯಾವ ವಾರ ಅತ್ತೆ ಎಂದು ಕೇಳಿದಳು. ಅತ್ತೆ ಬಹಳ ಹೊತ್ತು ಯೋಚಿಸಿ, ಒಳ್ಳೆಯ ವಾರ ಎಂದರು.

ಸ್ಕ್ಯಾನಿನ ಚಿತ್ರದಲ್ಲಿ ಅದು ಬೆಳ್ಳಗೆ, ಅಂಚು ಹರಿದುಕೊಂಡು ಕೂತಿತ್ತು. ಹೆಸರನ್ನು ಶಸ್ತ್ರವೈದ್ಯರು ಹೇಳಬೇಕಾಗಿರಲಿಲ್ಲ. ಗಡ್ಡೆಗಳಲ್ಲೆಲ್ಲ ಕೆಟ್ಟದ್ದು ಅದು. ಅವಳು ಬಟ್ಟಲುಗಳಲ್ಲಿ ಸಾಕುತ್ತಿದ್ದ ಜಾತಿಯದೇ. ತಾನು ಅಲ್ಲಿಂದಲೇ ಬಟ್ಟೆಗೆ ಅಂಟಿಸಿಕೊಂಡು ಮನೆಗೆ ತಂದೆನೇನೋ ಎಂಬ ಹುಚ್ಚು ಭಯ ಎದೆಗೆ ಬಂತು. ಹಾಗಾಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಊರಲ್ಲಿ ಕಡಿಮೆ. ಆದರೂ ಅಂದು ಸಂಜೆ ತನ್ನ ಬಟ್ಟೆಗಳನ್ನೆಲ್ಲ ಕುದಿನೀರಿನಲ್ಲಿ ಅದ್ದಿದಳು.

ಆಸ್ಪತ್ರೆಯಲ್ಲಿ ಮಿದುಳಿನ ಬಾವು ಇಳಿಸುವ ಮದ್ದು ಕೊಟ್ಟರು. ಅದರ ಮಾರನೆಯ ದಿನವೋ ಅದರಾಚೆಯೋ ಬೆಳಗ್ಗೆ ಅತ್ತೆ ಕಣ್ಣು ಬಿಟ್ಟು ಸೊಸೆಯನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಹುಬ್ಬು ಗಂಟಿಕ್ಕಿತು. "ಏನು ಡಾಕ್ಟರಮ್ಮ, ತಲೆ ಬಾಚ್ಕೊಳ್ಳೋಕೆ ನಿಂಗೂ ಆಪರೇಷನ್ ಆಗ್ಬೇಕಾ?"

ಸೊಸೆ ಹೊರಗಿನ ಹಾದಿಗೆ ಓಡಿಹೋಗಿ ಗೋಡೆಗೆ ಹಣೆಯಿಟ್ಟು ಅತ್ತಳು. ಆ ಚುಚ್ಚುಮಾತಿಗೆ ಕೈಮುಗಿಯಬೇಕೆನಿಸಿತು. ಅದರ ಹಿಂದೆಯೇ ಎದೆಯಲ್ಲಿ ಒಂದು ಮುಳ್ಳು ಮುರಿದುಕೊಂಡಿತು. ಹಾಗಾದರೆ ಮಗಳೇ ಎಂದದ್ದು ಅತ್ತೆಯಲ್ಲ... ಆ ಗಡ್ಡೆ.

ಶಸ್ತ್ರಕ್ರಿಯೆಯಲ್ಲಿ ತೆಗೆಯುವ ಗಡ್ಡೆಯ ಚೂರನ್ನು ಸಂಶೋಧನೆಗೆ ಕೊಡುವಿರಾ ಎಂದು ಆಸ್ಪತ್ರೆಯವರು ಕೇಳಿದಾಗ ಅತ್ತೆ ಪೂರ್ತಿ ಎಚ್ಚರದಲ್ಲಿದ್ದರು. ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿದರು. ಸೊಸೆಯ ಪ್ರಯೋಗಾಲಯಕ್ಕೆ ಎಂದು ತಿಳಿದ ಮೇಲೆ, ಅಲ್ಲಿನ ಹಿರಿಯರು ಇದನ್ನು ಬೇರೆಯವರ ಕೈಗೆ ಕೊಡುತ್ತೇವೆ, ಮನೆಯವಳು ಮುಟ್ಟುವುದು ಬೇಡ ಎಂದಾಗ, ಅತ್ತೆ ಹಾಸಿಗೆಯಲ್ಲೇ ನೆಟ್ಟಗೆ ಕೂತರು. "ನಮ್ಮನೆ ಕಸ ಬೇರೆಯವರ ಕೈಲಿ ಯಾಕೆ ಎತ್ತಿಸ್ಬೇಕು? ಅವಳೇ ಎತ್ಲಿ." ಹಿರಿಯರು ಮಣಿದರು. ಆದರೆ ಪ್ರತಿ ಎಣಿಕೆಯನ್ನೂ ಇನ್ನೊಬ್ಬರು ಮತ್ತೆ ನೋಡಬೇಕೆಂದು ಕಟ್ಟುಮಾಡಿದರು.

ಶಸ್ತ್ರಕ್ರಿಯೆ ಆಯಿತು. ಕಾಣುವಷ್ಟನ್ನು ತೆಗೆದಿದ್ದೇವೆ, ಕಾಣದ್ದು ಬೇರಿನಂತೆ ಒಳಗಿರುತ್ತದೆ ಎಂದರು ವೈದ್ಯರು. ವಿಕಿರಣ, ಮಾತ್ರೆ, ವಾಂತಿ, ಉದುರಿದ ಕೂದಲು... ಅತ್ತೆ ತಲೆಗೆ ಟೋಪಿ ಹಾಕಿಕೊಂಡು ಕಿಟಕಿಯ ಕೆಳಗೆ ಮತ್ತೆ ಕೂತರು. ಪತ್ರಿಕೆ ಮತ್ತೆ ಕೆಂಪಾಯಿತು.

ಅಂದಿನಿಂದ ಸೊಸೆ ಇಬ್ಬರಿಗೆ ಉಣಿಸುತ್ತಿದ್ದಳು. ಬೆಳಗ್ಗೆ ಪ್ರಯೋಗಾಲಯದ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆರೆಯಬೇಕು. ಒಳಗಿನ ಬಿಸಿ ಮನುಷ್ಯನ ಮೈಬಿಸಿಯಷ್ಟೇ. ಕೈ ಒಳಗೆ ಹಾಕಿದರೆ ಯಾರದೋ ಕಂಕುಳಲ್ಲಿ ಹಾಕಿದಂತೆ. ಅತ್ತೆಯ ಗಡ್ಡೆಯಿದ್ದ ಬಟ್ಟಲುಗಳ ಹಳೆಯ ದ್ರವ ಹೀರಿ ತೆಗೆದು, ಗುಲಾಬಿ ಬಣ್ಣದ ಹೊಸ ದ್ರವ ತುಂಬಬೇಕು. ತುಂಬಿದಷ್ಟನ್ನೂ ಅವು ಉಣ್ಣುತ್ತಿದ್ದವು. ಸಂಜೆ ಮನೆಗೆ ಬಂದು ಅತ್ತೆಗೆ ಚಮಚದಲ್ಲಿ ಕುಡಿಸಬೇಕು. ಅತ್ತೆ ಎರಡು ಚಮಚಕ್ಕೆ ಮುಖ ತಿರುಗಿಸುತ್ತಿದ್ದರು. ಅಲ್ಲಿ ಹಸಿವು, ಇಲ್ಲಿ ಹೇಸಿಗೆ. ಸೂಕ್ಷ್ಮದರ್ಶಕದ ಕೆಳಗೆ ಆ ಕೋಶಗಳು ನಕ್ಷತ್ರಗಳ ಹಾಗೆ ಕೈ ಚಾಚಿಕೊಂಡು ಒಂದನ್ನೊಂದು ಹಿಡಿದಿರುವುದನ್ನು ನೋಡುವಾಗ, ಅವೆಲ್ಲ ಸೇರಿ ಸಣ್ಣ ದನಿಯಲ್ಲಿ ಮಗಳೇ ಎಂದು ಕರೆದ ಹಾಗಾಗಿ, ಅವಳು ಕಣ್ಣು ತೆಗೆದು ಕುರ್ಚಿಯನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಜೊತೆಯವರು ಏನಾಯಿತೆಂದರೆ, ಕಣ್ಣಿಗೆ ರೆಪ್ಪೆಗೂದಲು ಬಿತ್ತು ಎನ್ನುತ್ತಿದ್ದಳು.

ಡೋಲಿನವನು ಸಿಕ್ಕಿಬಿದ್ದ. ಆ ಕೋಶಗಳ ಹೊರಮೈಯ ಮೇಲೆ ಅಪ್ಪಣೆ ಹಿಡಿಯುವ ಒಂದು ಗ್ರಾಹಿ ಅಂಗಹೀನವಾಗಿತ್ತು. ಹೊರಗಿನಿಂದ ಯಾವ ಮಾತೂ ಬರದೆ ಹಗಲಿರುಳು ಬಾರಿಸುತ್ತಿತ್ತು. ಸಾಕು ಎಂದು ತಡೆಯಬೇಕಾಗಿದ್ದ ಒಳಗಿನ ಕಾವಲುಗಾರ ಯಾವಾಗಲೋ ಓಡಿಹೋಗಿದ್ದ. ಆ ಗ್ರಾಹಿಯ ಬಾಯಿಗೆ ಬಟ್ಟೆ ತುರುಕುವ ಒಂದು ಮದ್ದು ಪ್ರಯೋಗಾಲಯದಲ್ಲಿತ್ತು. ಸೊಸೆ ಹಾಕಿ ನೋಡಿದಳು. ಬಟ್ಟಲುಗಳು ಮೌನವಾದವು. ಕೋಶಗಳು ಬೆಳೆಯುವುದನ್ನು ನಿಲ್ಲಿಸಿದವು. ಆ ಸಂತೋಷವನ್ನು ತಡೆದುಕೊಳ್ಳಲಾರದೆ ಮನೆಗೆ ಬಂದು ಗಂಡನಿಗೆ ಹೇಳಿಬಿಟ್ಟಳು. ಹೇಳಬಾರದಿತ್ತು.

ಮರುದಿನದಿಂದ ಅವನು ಯಂತ್ರ ಹಾಕಲಿಲ್ಲ. ಅವಳ ಹಿಂದೆ ಮುಂದೆ ಸುತ್ತಿದ. ಕೊನೆಗೆ ಅಡುಗೆಮನೆಯ ಬಾಗಿಲು ಮುಂದೆಳೆದು, ಆ ಮದ್ದನ್ನು ಒಂದು ಸೀಸೆಯಲ್ಲಿ ತಂದುಬಿಡು ಎಂದ. ಅದು ಮನುಷ್ಯರಿಗೆ ಕೊಡುವಂಥದ್ದಲ್ಲ, ಅದು ರಕ್ತದಿಂದ ಮಿದುಳಿಗೆ ದಾಟುವುದೇ ಇಲ್ಲ, ಮಿದುಳಿಗೆ ಕೋಟೆಗೋಡೆಯಿದೆ, ಕರುಳು ಯಕೃತ್ತು ಸುಟ್ಟುಹೋಗುತ್ತವೆ ಅಷ್ಟೇ ಎಂದು ಅವಳು ಅಂಗಲಾಚಿದಳು. ಅವನಿಗೆ ಕೇಳಿಸಲಿಲ್ಲ. ಎಂದೂ ದನಿ ಎತ್ತದವನ ದನಿ ನಡುಗುತ್ತಿತ್ತು.

"ಸಾಯೋರಿಗೆ ಯಕೃತ್ತು ಯಾಕೆ? ನಿನ್ ಕೈಲೇ ಇದೆ ಮದ್ದು. ತರಲ್ಲ ಅಂತೀಯ. ಅಮ್ಮ ನಿನ್ನ ಇಷ್ಟ್ ವರ್ಷ ಆಡ್ಕೊಂಡ್ರಲ್ಲ... ಅದಕ್ಕಾ?"

ಅವಳ ಕೈಯ ತಟ್ಟೆ ಮೇಜಿನ ಮೇಲೆ ಕೂತಿತು. ಆಗ ಬಾಗಿಲು ಮೆಲ್ಲಗೆ ತೆರೆದುಕೊಂಡಿತು. ಅತ್ತೆ ಗೋಡೆ ಹಿಡಿದುಕೊಂಡು, ಒಂದು ಕಾಲೆಳೆಯುತ್ತ ಬಂದು ನಿಂತಿದ್ದರು. ಟೋಪಿ ಓರೆಯಾಗಿತ್ತು.

"ಹೇ ಪೆದ್ದ," ಎಂದರು ಮಗನಿಗೆ. "ಸೇಡು ತೀರ್ಸೋಳಾಗಿದ್ರೆ ದಿನಾ ಉಪ್ಪು ಹಾಕೋ ಕೈ ಇವಳ್ದೇ ಅಲ್ವೇನೋ. ಇಷ್ಟ್ ದಿನ ಕಾಯ್ತಿದ್ಲಾ? ಹೋಗು, ಅಂಗಡಿ ಬಾಗಿಲು ತೆಗೆದಿಟ್ಟು ಬಂದಿದ್ದೀಯ."

ಅವನು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಲಾರದೆ ಹೋದ. ಮೆಟ್ಟಿಲ ಮೇಲೆ ಅವನು ಎಲ್ಲೋ ನಡುವೆ ಕೂತುಬಿಟ್ಟನೆಂದು, ಹೆಜ್ಜೆ ಸದ್ದು ನಿಂತದ್ದರಿಂದ ಇಬ್ಬರಿಗೂ ತಿಳಿಯಿತು.

ಸೊಸೆ ಅತ್ತೆಯನ್ನು ಹಿಡಿದು ಕುರ್ಚಿಗೆ ತಂದು ಕೂರಿಸಿದಳು. ಇಷ್ಟು ಹತ್ತಿರ ಅವರು ಎಂದೂ ಕೂತಿರಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಅಂಗಡಿಯ ಗಂಟೆ ಆಡಿಸಿ, ಯಾರೂ ಬಾರದೆ ಹಿಂದಿರುಗಿದರು. ನೀನು ನನ್ನನ್ನು ಕಂಡರೆ ಬೆಚ್ಚುತ್ತೀಯಲ್ಲ, ಯಾಕೆ ಎಂದು ಅತ್ತೆ ಕೇಳಿದರು. ಬೈದಾಗ ನೆಮ್ಮದಿಯಾಗಿರುತ್ತೀ, ಸ್ವಲ್ಪ ಮೆತ್ತಗೆ ಮಾತಾಡಿದರೆ ಬೆವರುತ್ತೀ. ನಾನು ಟೀಚರು, ಹಿಂದಿನ ಬೆಂಚಿನಲ್ಲಿ ಯಾರು ಹೆದರಿದ್ದಾರೆಂದು ನನಗೆ ಕಾಣುತ್ತದೆ ಎಂದರು. ಸೊಸೆ ತಡೆಯಲಾರದೆ ಎಲ್ಲವನ್ನೂ ಹೇಳಿದಳು. ಹಾಲು ಉಕ್ಕಿದ್ದು, ಮಗಳೇ ಎಂದದ್ದು, ತಾನು ಬಚ್ಚಲಲ್ಲಿ ಅತ್ತದ್ದು. ಅದು ಅತ್ತೆಯ ಮಾತಲ್ಲ, ಗಡ್ಡೆಯ ಮಾತೆಂದು ಆಮೇಲೆ ತಿಳಿದದ್ದು. ಈಗ ಆ ಮಾತು ಮತ್ತೆ ಬಂದರೆ ಗಡ್ಡೆ ಮತ್ತೆ ಬಂತೆಂದೇ ಅರ್ಥ, ಅದಕ್ಕೇ ಪ್ರತಿ ದಿನ ಬೆಳಗ್ಗೆ ನಿಮ್ಮ ಬಾಯನ್ನೇ ನೋಡುತ್ತಿರುತ್ತೇನೆ ಎಂದಳು.

ಅತ್ತೆ ಓರೆಯಾಗಿದ್ದ ಟೋಪಿಯನ್ನು ನೆಟ್ಟಗೆ ಮಾಡಿಕೊಂಡರು. ಆಮೇಲೆ ತುಟಿಯ ತುದಿ ಸ್ವಲ್ಪ ಅಲುಗಿತು.

"ಗಡ್ಡೆಗೆ ನಿನ್ ಮೇಲೆ ಯಾಕೆ ಪ್ರೀತಿ ಬರುತ್ತೆ? ಅದಕ್ಕೆ ನೀನು ಶತ್ರು. ಅದು ಮಾಡಿದ್ದಿಷ್ಟೇ, ಬಾಗಿಲ ಕಾವಲಿನವನನ್ನ ಓಡ್ಸಿದ್ದು. ಒಳಗಿದ್ದ ಸಾಮಾನೆಲ್ಲ ನಂದೇ."

ಸೊಸೆ ಅವರ ಮೊಣಕಾಲಿಗೆ ಮುಖವಿಟ್ಟಳು. ಅತ್ತೆಯ ಕೈ ಅವಳ ತಲೆಯ ಮೇಲೆ ಬಂತು, ಒಂದು ಕ್ಷಣ ಇತ್ತು, ಆಮೇಲೆ ಬೈತಲೆ ಓರೆಯಾಗಿದೆ ಎಂದು ತಟ್ಟಿತು.

ಆ ಸಂಜೆಯೇ ಅತ್ತೆ ಮಾತು ತೆಗೆದುಕೊಂಡರು. ಪಿಟೀಲಿಗೆ ಕಥೆಯ ಕೊನೆ ಬೇಕು. ಅವಳು ಕೇಳುವುದನ್ನು ಬಿಡುವವಳಲ್ಲ. ನನ್ನ ಕೈಲಿ ಮುಗಿಸಲಿಕ್ಕಾಗುವುದಿಲ್ಲ, ನೀನು ಮುಗಿಸಬೇಕು. ಆದರೆ ಒಂದು ಷರತ್ತು.

"ಸುಳ್ಳು ಹೇಳಿ ಮುಗಿಸ್ಬೇಡ. ಡೋಲು ನಿಂತಿದ್ದನ್ನ ನಿನ್ ಕಣ್ಣಲ್ಲಿ ನೋಡಿ, ಆಮೇಲೆ ಹೇಳು. ಅಲ್ಲೀವರೆಗೆ ಮಗು ಕಾಯ್ಲಿ. ನಾನು ಕಾದಿಲ್ವಾ?"

ಆಗಲಿ ಎಂದಳು ಸೊಸೆ. ಎಷ್ಟು ಸುಲಭವಾಗಿ ಬಂತು ಆ ಮಾತು... ಮೌನವಾದ ಬಟ್ಟಲುಗಳಿದ್ದವಲ್ಲ!

ಆದರೆ ಮುಂದಿನ ವಾರ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆರೆದಾಗ ಗುಲಾಬಿ ದ್ರವ ಹಳದಿಗೆ ತಿರುಗಿತ್ತು. ಯಾರೋ ಉಂಡಿದ್ದರು. ಅವಳು ಬಟ್ಟಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮೂಲೆಯಲ್ಲಿ ಒಂದು ಹಿಡಿಯಷ್ಟು ನಕ್ಷತ್ರಗಳು ಹೊಸ ಕೈಗಳನ್ನು ಚಾಚಿದ್ದವು. ಬಾಯಿಗೆ ಬಟ್ಟೆ ತುರುಕಿಸಿಕೊಂಡ ಡೋಲಿನವನು ಹಾಗೇ ಇದ್ದ. ಪಕ್ಕದ ಬಾಗಿಲಲ್ಲಿ ಇನ್ನೊಬ್ಬ ಕೋಲು ಎತ್ತಿಕೊಂಡಿದ್ದ. ಅವನ ಸದ್ದು ಬೇರೆ ಓಣಿಯಲ್ಲಿ ನುಸುಳಿ ಅದೇ ಒಳಕೋಣೆಗೆ ಮುಟ್ಟುತ್ತಿತ್ತು. ಗಂಡನಿಗೆ ಹೇಳಿದಳು. ಅವನು ಮಸೂರವೊಂದನ್ನು ಬೆಳಕಿಗೆ ಹಿಡಿದು ಉಜ್ಜುತ್ತಲೇ ಇದ್ದ, ಅದು ತೆಳ್ಳಗಾಗಿ ಕೈಯಲ್ಲೇ ಒಡೆಯುವವರೆಗೆ. ಆಮೇಲೆ, ಅವತ್ತು ಏನೋ ಅಂದೆ ಎಂದ. ಅವಳು ಅವನ ಬೆರಳಿನ ರಕ್ತ ಒರೆಸಿದಳು.

ಅದಾದ ಮೇಲೆ ಒಂದು ಬೆಳಗ್ಗೆ. ಸೊಸೆ ತಿಂಡಿಯ ತಟ್ಟೆ ಹಿಡಿದು ಬಂದಳು. ಅತ್ತೆಯ ಮಡಿಲಲ್ಲಿ ಪತ್ರಿಕೆಯಿತ್ತು. ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಒಂದು ಅಚ್ಚಿನ ತಪ್ಪು, ಬೀದಿಯ ಆಚೆಯಿಂದಲೂ ಕಾಣುವಂಥದ್ದು. ಪೆನ್ನಿನ ಮುಚ್ಚಳ ಹಾಕಿಯೇ ಇತ್ತು. ಅತ್ತೆ ತಲೆ ಎತ್ತಿದರು. ನಗು ಮುಖದ ಒಂದೇ ಪಕ್ಕಕ್ಕೆ ಬಂತು.

"ಬಂದ್ಯಾ ಮಗಳೇ."

ತಟ್ಟೆ ಕೈಯಿಂದ ಜಾರಿ ನೆಲದಲ್ಲಿ ಚೂರಾಯಿತು. ಇರಲಿ ಬಿಡು ಎಂದರು ಅತ್ತೆ. ಸೊಸೆ ಆ ಚೂರುಗಳ ನಡುವೆಯೇ ಕೂತಳು. ಓಡಿಹೋಗಬೇಕೆನಿಸಿತು, ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಬಾಗಿಲ ಕಾವಲಿನವನು ಮತ್ತೆ ಓಡಿಹೋಗಿದ್ದಾನೆ... ಒಳಗಿನ ಸಾಮಾನು ಹೊರಗೆ ಬರುತ್ತಿದೆ. ಬರುತ್ತಿರುವುದು ಅವರದೇ. ಅವರೇ ಹೇಳಿದ್ದರಲ್ಲ. ಆ ಒಂದೇ ಮಾತಿನೊಳಗೆ ಅವಳಿಗೆ ಬೇಕಾದದ್ದೂ ಇತ್ತು, ಎಲ್ಲವನ್ನೂ ಕಿತ್ತುಕೊಳ್ಳುವುದೂ ಇತ್ತು, ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವಂತಿರಲಿಲ್ಲ. ಇಷ್ಟು ವರ್ಷ ಅತ್ತೆ ಎಂದಲ್ಲದೆ ಬೇರೆ ಕರೆಯದಿದ್ದವಳು, "ಹೂಂ ಅಮ್ಮ, ಬಂದೆ" ಎಂದಳು.

ಆಮೇಲಿನ ದಿನಗಳಲ್ಲಿ ಮಾತುಗಳು ಒಂದೊಂದಾಗಿ ಹೋದವು. ಮೊದಲು ವಸ್ತುಗಳ ಹೆಸರು. ಆಮೇಲೆ ಮಗನ ಹೆಸರು. ಡೋಲಿನವನ ಕಥೆ ಶುರುಮಾಡಿ, ಡೋಲು ಎಂಬ ಮಾತು ಸಿಗದೆ, ಬೆರಳಿನಿಂದ ಕುರ್ಚಿಯ ಕೈ ಮೇಲೆ ಟಕ ಟಕ ಬಡಿದು ತೋರಿಸುತ್ತಿದ್ದರು. ಪಿಟೀಲು ಅಜ್ಜಿಯ ಜೊತೆ ತಾನೂ ಬಡಿಯುತ್ತಿದ್ದಳು. ಆ ಟಕ ಟಕ ಸದ್ದು ಕೇಳಿದರೆ ಅಡುಗೆಮನೆಯಲ್ಲಿ ಸೊಸೆ ನಲ್ಲಿ ತಿರುಗಿಸಿಬಿಡುತ್ತಿದ್ದಳು. ಎಲ್ಲ ಮಾತೂ ಹೋದ ಮೇಲೂ ಮಗಳೇ ಎಂಬುದೊಂದು ಉಳಿದಿತ್ತು. ನೀರು ಬೇಕಾದರೂ ಅದೇ, ನೋವಾದರೂ ಅದೇ, ಬೆಳಕು ಹೆಚ್ಚಾದರೂ ಅದೇ. ಕರೆದಾಗಲೆಲ್ಲ ಅವಳು ಹೂಂ ಅಮ್ಮ ಎಂದಳು. ಹೆದರುತ್ತಲೇ ಎಂದಳು. ಒಂದು ಮಧ್ಯಾಹ್ನ ಕಿಟಕಿಯ ಬಿಸಿಲು ಕುರ್ಚಿಯಿಂದ ಗೋಡೆಗೆ ಏರುವ ಹೊತ್ತಿನಲ್ಲಿ, ಮಗ ಪಾದಗಳನ್ನು ಹಿಡಿದುಕೊಂಡು ಕೂತಿದ್ದಾಗ, ಆ ಮಾತು ಅರ್ಧಕ್ಕೆ ನಿಂತಿತು.

ಆದರೆ ಬಟ್ಟಲಿನದು ಸಾಯಲಿಲ್ಲ. ಎಲ್ಲ ಮುಗಿಸಿಕೊಂಡು ಮತ್ತೆ ಕೆಲಸಕ್ಕೆ ಹೋದ ದಿನ ಸೊಸೆ ಬೆಚ್ಚನೆಯ ಪೆಟ್ಟಿಗೆಯ ಮುಂದೆ ನಿಂತು ಅಲುಗದಾದಳು. ಅತ್ತೆ ಇಲ್ಲ. ಅತ್ತೆಯ ಮೈಯೊಳಗಿಂದ ಬಂದದ್ದು ಇಲ್ಲಿ, ಅದೇ ಮೈಬಿಸಿಯಲ್ಲಿ, ಹಸಿದುಕೊಂಡು ಕಾಯುತ್ತಿದೆ. ಎಲ್ಲ ಬಟ್ಟಲಿಗೂ ಬ್ಲೀಚು ಸುರಿದುಬಿಡಬೇಕೆಂದು ಕೈ ಸೀಸೆಯತ್ತ ಹೋಯಿತು. ಬ್ಲೀಚು ಸುರಿದರೆ ಯಾವುದು ತಾನೇ ಸಾಯುವುದಿಲ್ಲ? ಡೋಲು ನಿಂತಿದ್ದನ್ನು ನೋಡಿ ಎಂದಿದ್ದರು, ಊರು ಸುಟ್ಟು ಎಂದಿರಲಿಲ್ಲ. ಅವಳು ಸೀಸೆಯನ್ನು ಅದರ ಜಾಗದಲ್ಲಿಟ್ಟು, ಗುಲಾಬಿ ದ್ರವ ತೆಗೆದುಕೊಂಡು, ಅದಕ್ಕೆ ಊಟ ಹಾಕಿದಳು. ಹಾಕುವಾಗ ಕಣ್ಣೀರು ಬೀಳದಂತೆ ಮುಖ ಹಿಂದಕ್ಕೆ ಹಿಡಿದಿದ್ದಳು. ಉಪ್ಪು ಬಿದ್ದರೆ ಎಣಿಕೆ ಕೆಡುತ್ತದೆ.

ಕಾಲ ಹೋಯಿತು. ಪಿಟೀಲಿಗೆ ಮುಂದಿನ ಹಲ್ಲುಗಳು ಬಿದ್ದು ಹೊಸವು ಬಂದವು. ಅವಳು ಕೇಳುವುದನ್ನು ಬಿಡಲಿಲ್ಲ, ಅಮ್ಮ ಇನ್ನೂ ನೋಡಿಲ್ಲ ಎನ್ನುವುದನ್ನು ಬಿಡಲಿಲ್ಲ. ಎಷ್ಟೋ ಮದ್ದುಗಳು ಸೋತವು. ಮೊದಲ ಡೋಲಿನವನ ಬಾಯಿ ಮುಚ್ಚಿದರೆ ಎರಡನೆಯವನು, ಎರಡನೆಯವನ ಬಾಯಿ ಮುಚ್ಚಿದರೆ ಮೊದಲನೆಯವನು. ಇಬ್ಬರನ್ನೂ ಒಟ್ಟಿಗೆ ಹಿಡಿದರೆ ಯಾವುದೋ ಮೂರನೇ ಮೂಲೆಯಲ್ಲಿ ಪಿಸುಮಾತು. ಕೊನೆಗೆ ಅವಳು ಹೊಸ್ತಿಲುಗಳನ್ನು ಬಿಟ್ಟು ಒಳಗೆ ನೋಡಿದಳು. ಯಾವ ಬಾಗಿಲಲ್ಲಿ ಬಾರಿಸಿದರೂ, ಯಾವ ಓಣಿಯಲ್ಲಿ ನುಸುಳಿದರೂ, ಎಲ್ಲ ಸುದ್ದಿಯೂ ಒಂದು ನಡುಮನೆಯನ್ನು ದಾಟಿಯೇ ಒಳಕೋಣೆಗೆ ಹೋಗಬೇಕಿತ್ತು. ಆ ನಡುಮನೆಯ ಬಾಗಿಲಿಗೆ ಒಂದು ಮದ್ದು, ಮೊದಲ ಹೊಸ್ತಿಲಿಗೆ ಒಂದು ಮದ್ದು, ಎರಡನ್ನೂ ಸೇರಿಸಿ ಹಾಕಿದಳು. ಕೋಶಗಳು ಚಾಚಿದ ಕೈಗಳನ್ನು ಹಿಂದಕ್ಕೆ ಎಳೆದುಕೊಂಡವು. ದುಂಡಗಾದವು. ಒಂದೊಂದಾಗಿ ನೆಲ ಬಿಟ್ಟು ತೇಲಿದವು.

ಒಮ್ಮೆ ಮೋಸಹೋದವಳು ಅವಳು. ಮದ್ದನ್ನು ತೊಳೆದುಹಾಕಿ, ಬರೀ ಊಟವಿಟ್ಟು, ಬನ್ನಿ ಎಂದು ಕಾದಳು. ವಾರಗಳ ಮೇಲೆ ವಾರ ಕಾದಳು. ಪೆಟ್ಟಿಗೆಯ ಬಾಗಿಲು ತೆರೆಯುವಾಗ ಪ್ರತಿ ಸಲವೂ ಅದೇ ಪ್ರಶ್ನೆ, ಹಳದಿಯೋ ಗುಲಾಬಿಯೋ... ಗುಲಾಬಿ. ಯಾರೂ ಉಂಡಿರಲಿಲ್ಲ. ಇನ್ನೊಬ್ಬರು ಬೇರೆಯಾಗಿ ಎಣಿಸಿ ಸೊನ್ನೆ ಎಂದರು. ಪ್ರಯೋಗಾಲಯದ ಹಿರಿಯರು ಬಂದು ಬಹಳ ಹೊತ್ತು ಸೂಕ್ಷ್ಮದರ್ಶಕದಲ್ಲಿ ನೋಡಿ, ಬಟ್ಟಲಿನ ಸುದ್ದಿ ಬಟ್ಟಲಿನದು, ತಲೆಯೊಳಗಿನದು ಬೇರೆ, ಆ ಕೋಟೆಗೋಡೆ ದಾಟಿಸುವುದು ಇನ್ನೂ ಯಾರ ಕೈಗೂ ಬಂದಿಲ್ಲ ಎಂದರು. ಗೊತ್ತು ಎಂದಳು ಅವಳು. ಅವರು ಹೋದ ಮೇಲೆ ಒಬ್ಬಳೇ ಕಣ್ಣಿಟ್ಟು ನೋಡಿದಳು. ಬರಿಯ ಗಾಜು, ಬರಿಯ ಬೆಳಕು. ಯಾರೂ ಕರೆಯಲಿಲ್ಲ. ಮೊದಲ ಸಲ ಅವಳಿಗೆ ಆ ಮೌನಕ್ಕೆ ಹೆದರಿಕೆಯಾಗಲಿಲ್ಲ, ಆದರೆ ಎದೆಯಲ್ಲಿ ಏನೋ ಖಾಲಿಯಾಯಿತು.

ಅಂದು ಸಂಜೆ ಬೆಳಕಿರುವಾಗಲೇ ಮನೆಗೆ ಬಂದಳು. ಕೆಳಗೆ ಗಂಡ ಅವಳ ಮುಖ ನೋಡಿ ಯಂತ್ರ ನಿಲ್ಲಿಸಿ, ಏನೂ ಕೇಳದೆ ಹಿಂದೆಯೇ ಮೆಟ್ಟಿಲು ಹತ್ತಿದ. ಪಿಟೀಲು ಕಿಟಕಿಯ ಕೆಳಗಿನ ಕುರ್ಚಿಯಲ್ಲಿ ಕಾಲು ಮಡಿಸಿ ಕೂತು, ಪತ್ರಿಕೆಯಲ್ಲಿ ತನಗೆ ತಪ್ಪೆನಿಸಿದ ಪದಗಳಿಗೆಲ್ಲ ಕೆಂಪು ಗುರುತು ಹಾಕುತ್ತಿದ್ದಳು. ಅಮ್ಮ ನೆಲದ ಮೇಲೆ ಕೂತು, ಒಂದು ಊರಿತ್ತು ಎಂದಳು. ಪೆನ್ನು ನಿಂತಿತು.

ಅವಳು ಎಲ್ಲವನ್ನೂ ಹೇಳಿದಳು. ಓಲೆಕಾರ ಬಾರದೆ ಬಾರಿಸಿದ ಡೋಲು. ಬೀದಿಯನ್ನೇ ನುಂಗಿದ ಮನೆಗಳು. ಓಡಿಹೋದ ಕಾವಲುಗಾರ. ಒಬ್ಬನ ಬಾಯಿ ಮುಚ್ಚಿದರೆ ಎದ್ದ ಇನ್ನೊಬ್ಬ. ಕೊನೆಗೆ ನಡುಮನೆಯ ಬಾಗಿಲಿಗೆ ಬಿದ್ದ ಅಗುಳಿ. ಒಳಕೋಣೆಯ ಯಜಮಾನಿ ಕಿವಿಗೊಟ್ಟು ಕಾದಳು, ಏನೂ ಕೇಳಲಿಲ್ಲ, ಪೆಟ್ಟಿಗೆ ಮುಚ್ಚಿದಳು.

"ಊರಲ್ಲೆಲ್ಲಾ ನಿಂತ್ಹೋಯ್ತಾ?" ಎಂದಳು ಪಿಟೀಲು.

ಸೊಸೆ ಮಗು ಕೂತಿದ್ದ ಕುರ್ಚಿಯ ಕೈಯನ್ನು ಮುಟ್ಟಿದಳು. ಬೆರಳಿನ ಬಡಿತಕ್ಕೆ ಅಲ್ಲಿ ಬಣ್ಣ ಸವೆದಿತ್ತು.

"ಇಲ್ಲ. ಒಂದೇ ಒಂದು ಓಣೀಲಿ ನಿಂತಿದೆ. ನಾನು ಕಣ್ಣಾರೆ ನೋಡ್ದೆ. ಊರಿಗೆ ಕೋಟೆಗೋಡೆ ಇದೆ, ಅದರೊಳಗೆ ಹೋಗೋಕೆ ಇನ್ನೂ ದಾರಿ ಸಿಕ್ಕಿಲ್ಲ. ಆದ್ರೆ ಆ ಓಣೀಲಿ ಈಗ ಯಾರಾದ್ರೂ ನಡೆದ್ರೆ ಹೆಜ್ಜೆ ಸದ್ದು ಕೇಳುತ್ತೆ."

ಬಾಗಿಲಲ್ಲಿ ನಿಂತಿದ್ದ ಗಂಡ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಪಿಟೀಲು ಕೆಂಪು ಪೆನ್ನಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡು, ಕಥೆಯನ್ನು ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲೇ ಮತ್ತೆ ನಡೆದುಬಂದು, ಹುಬ್ಬು ಗಂಟಿಕ್ಕಿದಳು. ಆ ಹುಬ್ಬು ಯಾರದೆಂದು ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು.

"ಪರವಾಗಿಲ್ಲ," ಎಂದಳು. "ಅಜ್ಜಿ ಆಗಿದ್ರೆ ಇನ್ನೂ ಚೆನ್ನಾಗಿ ಹೇಳ್ತಿದ್ರು, ಡಾಕ್ಟರಮ್ಮ."